ಕಳ್ಳಿಯ ಕುಲ ಕೇಳಿದ ಬುಕನನ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಕಣ್ಣ ಮುಂದೆ ಬರುವುದು ತೆಂಗಿನ ತೋಟ, ಉಂಡೆ ಕೊಬ್ಬರಿ. ತೋಟವನ್ನು ತಲೆಮಾರುಗಳಿಂದ ಕಾಯುತ್ತ ಬಂದ ಬೇಲಿಯ ಕಡೆಗೆ ತಿರುಗಿ ನೋಡುವವರು ವಿರಳ. ಪೆನ್ಸಿಲ್ ಗಾತ್ರದ ಹಸಿರು ಕಡ್ಡಿಗಳನ್ನೇ ಮೈತುಂಬ ಹೊತ್ತ ಕಡ್ಡಿಗಳ್ಳಿ, ಏಣುಗಳ ಮೇಲೆ ಜೋಡಿ ಮುಳ್ಳಿರುವ ಚದುರಗಳ್ಳಿ, ಮಳೆ ಬಿದ್ದಾಗ ತುದಿಯಲ್ಲಿ ದಪ್ಪನೆಯ ಎಲೆ ತಳೆಯುವ ಎಲೆಗಳ್ಳಿ, ಅಂಗೈ ಹರಡಿದಂತೆ ಬೆಳೆಯುವ ಪಾಪಾಸುಕಳ್ಳಿ. ಹೆಸರಿನ ಮುಂದಿನ ವಿಶೇಷಣಗಳು ಬೇರೆಯಾದರೂ ಬಯಲುಸೀಮೆಯ ಮಾತಿನಲ್ಲಿ ಕಡೆಗೆ ಎಲ್ಲವೂ ಕಳ್ಳಿಯೇ. ಆಡು ಕುರಿ ಬಾಯಿ ಹಾಕದ, ನೀರು ಕೇಳದ, ತುಂಡು ಮಾಡಿ ನೆಟ್ಟರೆ ಬೇರು ಬಿಡುವ ಗಿಡ ಎಂಬಷ್ಟೇ ರೈತನಿಗೆ ಬೇಕಾದ ಗುಣ.

1800ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಈ ಸೀಮೆಯ ಮೂಲಕ ಹಾದುಹೋದ ಸ್ಕಾಟ್ಲೆಂಡಿನ ವೈದ್ಯನೊಬ್ಬ ಮರವನ್ನೂ ನೋಡಿದ, ಬೇಲಿಯನ್ನೂ ನೋಡಿದ. ಫ್ರಾನ್ಸಿಸ್ ಬುಕನನ್ ಎಂಬ ಆ ಹೆಸರು ಕರ್ನಾಟಕದ ಇತಿಹಾಸ ಓದಿದವರಿಗೆ ಹೊಸದಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ ಮೈಸೂರು ಸೀಮೆಯನ್ನು ಊರೂರು ಅಲೆದು, ಮಣ್ಣು, ಬೆಳೆ, ಕಂದಾಯ, ಕುಲುಮೆ, ಮಗ್ಗ, ಜಾತಿ, ಸಂತೆ ಎಲ್ಲವನ್ನೂ ಬರೆದಿಟ್ಟವನು ಆತ. ಜಿಲ್ಲಾ ಗೆಜೆಟಿಯರುಗಳಲ್ಲಿ ಹಳೆಯ ಊರುಗಳ ವಿವರ ಬಂದಲ್ಲೆಲ್ಲ ಆತನ ಹೆಸರು ಇಣುಕುತ್ತದೆ. ಆದರೆ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅದೇ ಮನುಷ್ಯನ ಹೆಸರು ಒಂದು ಕಳ್ಳಿಯ ಬಾಲಕ್ಕೂ ಅಂಟಿಕೊಂಡಿದೆ ಎಂಬುದು ಇತಿಹಾಸದ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಆ ಹೆಸರಿಡುವ ಹೊತ್ತಿಗೆ ಆತ ಭಾರತವನ್ನು ಬಿಟ್ಟು ಸುಮಾರು ಹತ್ತು ವರ್ಷಗಳಾಗಿದ್ದವು; ಜೀವಮಾನದ ಗಳಿಕೆಯ ಒಂದು ದೊಡ್ಡ ಭಾಗ ಕೈತಪ್ಪಿಯೂ ಹೋಗಿತ್ತು.

ಎಡಿನ್‌ಬರೋದಿಂದ ಬಂಗಾಳಕ್ಕೆ

ಬುಕನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತದಲ್ಲಿ. ತಂದೆ ಥಾಮಸ್ ಬುಕನನ್ ವೈದ್ಯ. ತಾಯಿ ಎಲಿಜಬೆತ್ ಹ್ಯಾಮಿಲ್ಟನ್ ಬಾರ್ಡೋವಿ ಎಂಬ ಜಹಗೀರಿನ ವಾರಸುದಾರಳು. ಆಸ್ತಿವಂತರ ಮನೆಯಾದರೂ ಕಿರಿಯ ಮಗನಿಗೆ ಆಸ್ತಿಯ ಭರವಸೆ ಇರಲಿಲ್ಲ. ಓದಿ ಹೊಟ್ಟೆ ಹೊರೆಯಬೇಕಾಗಿತ್ತು. 1783ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದ. ಅಲ್ಲಿ ಆತನನ್ನು ಸೆಳೆದದ್ದು ರೋಗಿಗಳಿಗಿಂತ ಹೆಚ್ಚಾಗಿ ಜಾನ್ ಹೋಪ್ ಎಂಬ ಪ್ರಾಧ್ಯಾಪಕರ ಸಸ್ಯೋದ್ಯಾನ. ಲಿನೇಯಸ್‌ನ ಹೊಸ ವರ್ಗೀಕರಣ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಮೊದಮೊದಲು ಪಾಠ ಹೇಳಿದವರಲ್ಲಿ ಹೋಪ್ ಒಬ್ಬರು. ಆ ತರಗತಿಯ ಗೆಳೆಯ ಜೇಮ್ಸ್ ಎಡ್ವರ್ಡ್ ಸ್ಮಿತ್ ಮುಂದೆ 1788ರಲ್ಲಿ ಲಂಡನ್ನಿನಲ್ಲಿ ಲಿನೇಯನ್ ಸೊಸೈಟಿಯನ್ನು ಸ್ಥಾಪಿಸಿದ. ಈ ಗೆಳೆತನ ಬುಕನನ್ನನ ಬದುಕಿನುದ್ದಕ್ಕೂ ಉಪಯೋಗಕ್ಕೆ ಬಂತು.

ಕೆಲವು ವರ್ಷ ಹಡಗಿನ ವೈದ್ಯನಾಗಿ ಏಷ್ಯಾದ ಕಡೆಗೆ ಪ್ರಯಾಣ ಮಾಡಿದ ಬುಕನನ್ 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ವೈದ್ಯಸೇವೆಗೆ ಸೇರಿದ. ಮರುವರ್ಷವೇ ಬರ್ಮಾದ ಆವಾ ಆಸ್ಥಾನಕ್ಕೆ ಹೊರಟ ಕಂಪೆನಿಯ ರಾಯಭಾರಿ ತಂಡದ ಜೊತೆ ವೈದ್ಯನಾಗಿ ಹೋದ. ರಾಯಭಾರದ ಕೆಲಸ ತಂಡದ ಮುಖ್ಯಸ್ಥ ಮೈಕೇಲ್ ಸೈಮ್ಸ್‌ನದಾದರೆ, ಗಿಡ ಸಂಗ್ರಹಿಸುವುದು, ಚಿತ್ರ ಬರೆಸುವುದು, ಊರಿನವರನ್ನು ಕೇಳಿ ಅವುಗಳ ಹೆಸರು ಗುರುತುಹಾಕಿಕೊಳ್ಳುವುದು ಬುಕನನ್ನನ ಕೆಲಸವಾಯಿತು. ಸ್ಥಳೀಯ ಹೆಸರನ್ನು ಕೇಳಿ ಬರೆದುಕೊಳ್ಳುವ ಈ ಅಭ್ಯಾಸವೇ ಮುಂದಿನ ಎಲ್ಲ ಕೆಲಸದ ತಳಹದಿ. 1798ರಲ್ಲಿ ಚಿತ್ತಗಾಂಗ್ ಪ್ರಾಂತದ ಸುತ್ತಾಟದಲ್ಲೂ ಇದೇ ಕ್ರಮ.

ಬುಕನನ್ ಬಂಗಾಳದಲ್ಲಿ ನೆಲೆಯೂರುತ್ತಿದ್ದ ಆ ದಿನಗಳಲ್ಲೇ ಕಲ್ಕತ್ತಾದಲ್ಲಿ ಒಂದು ಎಡವಟ್ಟು ನಡೆಯಿತು. ಕಳ್ಳಿಯ ಕುಲ ತಿಳಿಯದಿದ್ದರೆ ಏನಾದೀತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಮೆಕ್ಸಿಕೋದಲ್ಲಿ ಪಾಪಾಸುಕಳ್ಳಿಯ ಮೇಲೆ ಸಾಕುವ ಒಂದು ಬಗೆಯ ಕೀಟದಿಂದ ಕಡುಗೆಂಪು ಬಣ್ಣ ತೆಗೆಯುತ್ತಿದ್ದರು. ಕಾಚಿನೀಲ್ ಎಂಬ ಆ ಬಣ್ಣದ ವ್ಯಾಪಾರ ಸ್ಪೇನಿನವರ ಮುಷ್ಟಿಯಲ್ಲಿತ್ತು. ಅದನ್ನು ಭಾರತದಲ್ಲೇ ತಯಾರಿಸಬೇಕೆಂಬುದು ಕಂಪೆನಿಯ ಹಂಬಲ. ಮದರಾಸಿನ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್ ಅದಕ್ಕೆಂದೇ ಕಳ್ಳಿಯ ತೋಟವನ್ನು ಎಬ್ಬಿಸಿದ್ದ. 1795ರಲ್ಲಿ ನೀಲ್ಸನ್ ಎಂಬ ಕಪ್ತಾನ ಬ್ರೆಜಿಲ್ಲಿನಿಂದ ಕೆಲವು ಕೀಟಗಳನ್ನು ಕಲ್ಕತ್ತಾಕ್ಕೆ ತಂದ. ಬಣ್ಣದ ಹುಳು ಬಂದೇಬಿಟ್ಟಿತೆಂದು ಎಲ್ಲರೂ ಹಿಗ್ಗಿದರು. ಆದರೆ ಬಂದದ್ದು ಅದರ ದಾಯಾದಿ. ನೋಡಲು ಹೆಚ್ಚು ಕಡಿಮೆ ಒಂದೇ. ಬಣ್ಣ ಮಾತ್ರ ಕಳಪೆ. ಜೊತೆಗೆ ಅದು ತಾನು ಕುಳಿತ ಗಿಡವನ್ನೇ ಹೀರಿ ಕೊಂದಿತು. ಉತ್ತರ ಹಾಗೂ ಮಧ್ಯಭಾರತದಲ್ಲಿ ಒಂದು ಜಾತಿಯ ಪಾಪಾಸುಕಳ್ಳಿಯ ಬೇಲಿಗಳು ಸಾಲುಸಾಲಾಗಿ ನೆಲಕಚ್ಚಿದವು. ಈ ಕಥೆಗೆ ಇನ್ನೊಂದು ಕಂತು ಇದೆ, ಅದು ಮುಂದೆ.

ಮೈಸೂರು ಸೀಮೆಯ ನಡಿಗೆ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕೈಗೆ ಬಂದ ಸೀಮೆಯಲ್ಲಿ ಏನಿದೆ, ಏನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾಗಿತ್ತು. 1800ರ ಫೆಬ್ರವರಿಯಲ್ಲಿ ಆತ ಹೊರಡಿಸಿದ ಆದೇಶದಂತೆ ಬುಕನನ್ ಮದರಾಸಿಗೆ ಬಂದು ಏಪ್ರಿಲ್ 23ರಂದು ಪ್ರಯಾಣ ಆರಂಭಿಸಿದ. ಆಗ ಆತನಿಗೆ ಮೂವತ್ತೆಂಟು ವರ್ಷ. ಇದು ವಿಜ್ಞಾನಿಯೊಬ್ಬನ ನಿಸ್ವಾರ್ಥ ಯಾತ್ರೆಯೇನೂ ಆಗಿರಲಿಲ್ಲ. ಗೆದ್ದವರು ಗೆದ್ದ ಆಸ್ತಿಯ ಪಟ್ಟಿ ಮಾಡಿಸುವ ಕೆಲಸ. ಬುಕನನ್ನನ ಬರವಣಿಗೆಯಲ್ಲಿ ಸ್ಥಳೀಯರ ಬಗೆಗೆ, ಅದರಲ್ಲೂ ಮಾಹಿತಿ ಕೊಡಲು ಬಂದ ಬ್ರಾಹ್ಮಣ ಅಧಿಕಾರಿಗಳ ಬಗೆಗೆ, ಸಿಡುಕು ಮತ್ತು ಸಂಶಯ ಅಲ್ಲಲ್ಲಿ ಎದ್ದು ಕಾಣುತ್ತವೆ. ಅದನ್ನು ಮರೆಮಾಚಬೇಕಿಲ್ಲ. ಆದರೆ ಪಟ್ಟಿ ಮಾಡಬಂದವನು ಆದೇಶಕ್ಕಿಂತ ಬಹಳ ಹೆಚ್ಚನ್ನು ಕಂಡ ಎಂಬುದೂ ನಿಜವೇ.

ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರನ್ನು ಭೇಟಿಯಾಗಿ, ಅವರ ಆಡಳಿತದ ನೆರವು ಪಡೆದು ಬುಕನನ್ ಹೊರಟ. ಬೆಂಗಳೂರಿನಲ್ಲಿ ಹೈದರ್ ಮತ್ತು ಟಿಪ್ಪು ಬೆಳೆಸಿದ ತೋಟವನ್ನು ನೋಡಿ, ಚೌಕ ಚೌಕವಾದ ಪಾತಿಗಳಲ್ಲಿ ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಪಾತಿ ಮೀಸಲಿಟ್ಟಿದ್ದ ವಿಧಾನವನ್ನು ಬರೆದುಕೊಂಡ. ರಾಗಿಯಲ್ಲಿ ಕರಿ, ಕೆಂಪು, ಹುಲ್ಲುಪರಿಯ ಎಂಬ ಮೂರು ಬಗೆಗಳಿವೆಯೆಂದು ರೈತರು ಹೇಳಿದ್ದನ್ನು ದಾಖಲಿಸಿದ. ಕಾವೇರಿಯ ನಾಲೆಗಳ ಕೆಳಗೆ ಬೆಳೆಯುತ್ತಿದ್ದ ಭತ್ತದ ತಳಿಗಳಿಗೆ ಉದ್ದನೆಯ ಪಟ್ಟಿಯೇ ಇದೆ. ದೊಡ್ಡ ಭತ್ತ, ಹೊಟ್ಟೆ ಕೆಂಬತ್ತಿ, ಅರಿಶಿನ ಕೆಂಬತ್ತಿ ಮುಂತಾದ ಹೆಸರುಗಳು ಆತನ ಇಂಗ್ಲಿಷ್ ಕಾಗುಣಿತದಲ್ಲಿ ವಿಚಿತ್ರ ರೂಪ ತಾಳಿ ಕುಳಿತಿವೆ. ತಳಿವೈವಿಧ್ಯ ಎಂಬ ಪದವಾಗಲಿ, ವಂಶವಾಹಿ ಎಂಬ ಕಲ್ಪನೆಯಾಗಲಿ ಹುಟ್ಟದಿದ್ದ ಕಾಲ ಅದು. ಮೆಂಡೆಲ್ ಹುಟ್ಟುವುದಕ್ಕೆ ಇನ್ನೂ ಇಪ್ಪತ್ತೆರಡು ವರ್ಷ ಬಾಕಿ. ಒಂದೇ ಬೆಳೆಯೊಳಗಿನ ಭೇದಗಳು ಬರೆದಿಡಲು ಯೋಗ್ಯವಾದವು, ಆ ಭೇದಗಳನ್ನು ಬಲ್ಲವರು ರೈತರು ಎಂಬ ತಿಳಿವು ಮಾತ್ರ ಆ ಪಟ್ಟಿಗಳಲ್ಲಿ ಸ್ಪಷ್ಟವಾಗಿದೆ.

ಮಳೆಗಾಲದ ನಡುವೆ ಸಿರಾ, ಮಧುಗಿರಿಗಳ ಕಡೆಗೆ ಹೋದ ಬುಕನನ್ ಆಗಸ್ಟ್ ತಿಂಗಳಲ್ಲಿ ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಸೀಮೆಯನ್ನು ಹಾದು ಶ್ರೀರಂಗಪಟ್ಟಣದತ್ತ ಮರಳಿದ. ಇಂದಿನ ತಿಪಟೂರು ಆಗ ಹೇಳಿಕೊಳ್ಳುವಂತಹ ಊರಾಗಿರಲಿಲ್ಲ. ಆ ಭಾಗದ ಕೇಂದ್ರ ಹೊನ್ನವಳ್ಳಿ. ಹತ್ತು ವರ್ಷಗಳ ಹಿಂದಷ್ಟೇ ಪರಶುರಾಮ ಭಾವುವಿನ ಮರಾಠಾ ದಂಡು ಈ ನಾಡನ್ನು ಸೂರೆಮಾಡಿತ್ತು. ಮಣ್ಣಿನ ಗೋಡೆಯ ಮೂಗನಾಯಕನಕೋಟೆಯ ಜನ ಆ ದಂಡಿಗೆ ಮಣಿಯದೆ ನಿಂತ ಕಥೆಯನ್ನು ಬುಕನನ್ ಸಂಭ್ರಮದಿಂದಲೇ ಬರೆದಿದ್ದಾನೆ. ಚಿಕ್ಕನಾಯಕನಹಳ್ಳಿಯ ಬಳಿಯ ದೊರೆಗುಡ್ಡದ ಕಬ್ಬಿಣದ ಅದಿರನ್ನು, ಅದನ್ನು ಅಗೆದು ಕರಗಿಸುವ ಬಗೆಯನ್ನು ಖನಿಜತಜ್ಞನಂತೆ ವಿವರಿಸಿದ್ದಾನೆ. ತೆಂಗು ಅಡಿಕೆಗಳ ತೋಟಗಳ ಮಣ್ಣು, ನೀರಿನ ಆಸರೆ, ಸಸಿ ನೆಡುವ ಕ್ರಮ, ಒಕ್ಕಲುಗಳಿಗೂ ಸರ್ಕಾರಕ್ಕೂ ಸಲ್ಲುವ ಪಾಲು ಇವೆಲ್ಲ ಆತನ ದಿನಚರಿಯಲ್ಲಿ ಸೇರಿವೆ. ಹೊನ್ನವಳ್ಳಿಯ ಗಂಗಾಪಾಣಿ ಎಂಬ ತೆಂಗಿನ ಬಗೆ ರುಚಿಗೆ ಹೆಸರಾಗಿದ್ದುದನ್ನು ಮುಂದೆ ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಗುರುತಿಸಿದರು. ತಿಪಟೂರು ಟಾಲ್ ಎಂದು ಇಂದು ತೋಟಗಾರಿಕೆ ಇಲಾಖೆಯವರು ಕರೆಯುವ ಎತ್ತರದ ತಳಿಯ ನೆಲವೂ ಇದೇ.

ಮೈಸೂರು ಸೀಮೆಯ ಬೇಲಿಗಳ ಪ್ರಸ್ತಾಪ ಬಂದಾಗ ಬುಕನನ್ ಕಡ್ಡಿಗಳ್ಳಿಯ ಶಾಸ್ತ್ರೀಯ ಹೆಸರನ್ನು ಮತ್ತೆ ಮತ್ತೆ ಬಳಸುತ್ತಾನೆ: ಯೂಫೋರ್ಬಿಯಾ ತಿರುಕಳ್ಳಿ. ಈ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. 1753ರಲ್ಲಿ ಲಿನೇಯಸ್ ಇಟ್ಟ ಈ ಲ್ಯಾಟಿನ್ ಹೆಸರಿನ ಎರಡನೆಯ ಭಾಗ ಲ್ಯಾಟಿನ್ನೇ ಅಲ್ಲ. ಕೊಚ್ಚಿಯ ಡಚ್ ಗವರ್ನರ್ ಆಗಿದ್ದ ಹೆಂಡ್ರಿಕ್ ವಾನ್ ರೀಡ್ 1678ರಿಂದ 1693ರವರೆಗೆ ಹೊರತಂದ ಹನ್ನೆರಡು ಸಂಪುಟಗಳ ಹೋರ್ಟಸ್ ಮಲಬಾರಿಕಸ್ ಗ್ರಂಥದಿಂದ ಅದು ಬಂದದ್ದು. ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯರೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವಿದ್ವಾಂಸರೂ ಆ ಗ್ರಂಥಕ್ಕೆ ಗಿಡಗಳ ಹೆಸರು ಮತ್ತು ಗುಣ ಒದಗಿಸಿದವರು. ಅದರ ಎರಡನೆಯ ಸಂಪುಟದಲ್ಲಿ ಮೂರು ಕಳ್ಳಿಗಳ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ: ಚದುರಗಳ್ಳಿ, ಎಲಕಳ್ಳಿ, ತಿರುಕಳ್ಳಿ. ಕನ್ನಡಿಗರೂ ಮಲೆಯಾಳಿಗಳೂ ತಮಿಳರೂ ಸಮಾನವಾಗಿ ಆಡುವ ಕಳ್ಳಿ ಎಂಬ ದ್ರಾವಿಡ ಪದ ಹೀಗೆ ಜಗತ್ತಿನ ಸಸ್ಯಶಾಸ್ತ್ರಕ್ಕೆ ಪ್ರವೇಶ ಪಡೆಯಿತು.

ತುರುವೇಕೆರೆಯ ಸೀಮೆಯಿಂದ ಮುಂದಕ್ಕೆ ಪ್ರಯಾಣ ಬಹಳ ಉದ್ದ: ಕೊಯಮತ್ತೂರು, ಪಾಲಕ್ಕಾಡು, ಮಲಬಾರ್, ಕಾಸರಗೋಡಿನ ಕರಾವಳಿ, ಮಂಗಳೂರು, ಕಾರವಾರ, ಘಟ್ಟ ಹತ್ತಿ ಬನವಾಸಿ, ಇಕ್ಕೇರಿ, ನಗರ, ಹರಿಹರ, ಚಿತ್ರದುರ್ಗ. 1801ರ ಜುಲೈ ಆರರಂದು ಮದರಾಸಿಗೆ ಮರಳುವಲ್ಲಿಗೆ ಹದಿನಾಲ್ಕು ತಿಂಗಳು ಮೀರಿದ್ದವು. ಆ ದಿನಚರಿಯನ್ನು ವಿಷಯವಾರು ಜೋಡಿಸಿ, ಸೋಸಿ, ಕ್ರಮಬದ್ಧ ಗ್ರಂಥ ಮಾಡಬೇಕೆಂಬ ಇಚ್ಛೆ ಬುಕನನ್ನನಿಗಿತ್ತು. ಕಂಪೆನಿಯ ನಿರ್ದೇಶಕರು ಕಾಯಲಿಲ್ಲ. 1807ರಲ್ಲಿ ಅದು ದಿನಚರಿಯ ರೂಪದಲ್ಲೇ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಒಂದು ಪುಟದಲ್ಲಿ ಕಬ್ಬಿಣ, ಮರುಪುಟದಲ್ಲಿ ಕುರುಬರ ಆಚಾರ, ಅದರಾಚೆ ತೆಂಗಿನ ಪಾತಿ ಎಂಬಂತಹ ಆ ಕಲಸುಮೇಲೋಗರಕ್ಕೆ ಅಂದು ಟೀಕೆ ಬಂದದ್ದುಂಟು. ಇಂದಿನ ಓದುಗನಿಗೆ ಅದೇ ಅದರ ಸೊಗಸು. ಸೋಸಿದ್ದರೆ ಎಷ್ಟೋ ಊರುಗಳ ವಿವರ ಜರಡಿಯಲ್ಲೇ ಉಳಿದುಬಿಡುತ್ತಿತ್ತು.

ಕೈತಪ್ಪಿದ ಚಿತ್ರಗಳು

ಮೈಸೂರಿನ ನಂತರ 1802–03ರಲ್ಲಿ ನೇಪಾಳ. ಅಲ್ಲಿ ಸಂಗ್ರಹಿಸಿದ ಸಸ್ಯಗಳನ್ನೂ ಬರೆಸಿದ ಚಿತ್ರಗಳನ್ನೂ ಬುಕನನ್ ಗೆಳೆಯ ಸ್ಮಿತ್‌ನಿಗೆ ಒಪ್ಪಿಸಿದ. ನೇಪಾಳದ ಸಸ್ಯಸಂಪತ್ತಿನ ಬಗೆಗಿನ ಮೊದಲ ಗ್ರಂಥಕ್ಕೆ ಅವು ಆಧಾರವಾದವು. ವೆಲ್ಲೆಸ್ಲಿಯ ಖಾಸಗಿ ವೈದ್ಯನಾಗಿ ಕೆಲಕಾಲ ಇದ್ದು, ಆತನೊಡನೆ ಸ್ವದೇಶಕ್ಕೂ ಹೋಗಿ ಬಂದ. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಜಿಲ್ಲೆಗಳ ಸಮೀಕ್ಷೆ. ಏಳು ವರ್ಷಗಳ ಈ ದುಡಿಮೆಯ ಫಲ ಹಸ್ತಪ್ರತಿಗಳ ರಾಶಿ. ನದಿಗಳ ಮೀನುಗಳ ಮೇಲೆ ಆತನಿಗೆ ವಿಶೇಷ ಮೋಹ; ಬೆಸ್ತರನ್ನು ಕೇಳಿ ಹೆಸರು ಬರೆದುಕೊಳ್ಳುವುದು, ಚಿತ್ರಕಾರರಿಂದ ಬಣ್ಣದ ಚಿತ್ರ ಮಾಡಿಸುವುದು ನಡೆದೇ ಇತ್ತು.

ಕಲ್ಕತ್ತಾ ಸಸ್ಯೋದ್ಯಾನದ ಸೂಪರಿಂಟೆಂಡೆಂಟ್ ಹುದ್ದೆ ಬುಕನನ್ನನಿಗೆ ಬಹುಕಾಲದ ಆಸೆ. ವಿಲಿಯಂ ರಾಕ್ಸ್‌ಬರೋ ತೆರವು ಮಾಡಿದ ಆ ಸ್ಥಾನ 1814ರಲ್ಲಿ ಕೈಗೆ ಬಂದಾಗ ಆತನಿಗೆ ಐವತ್ತೆರಡು, ಆರೋಗ್ಯ ಕುಸಿದಿತ್ತು. ಮರುವರ್ಷವೇ ಊರಿಗೆ ಹೊರಟ. ಹೊರಡುವ ಹೊತ್ತಿನಲ್ಲಿ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್ ಆತನ ಸಸ್ಯ, ಪ್ರಾಣಿ, ಮೀನುಗಳ ಚಿತ್ರಸಂಗ್ರಹವನ್ನು ಕೊಂಡೊಯ್ಯಲು ಬಿಡಲಿಲ್ಲ. ಕಂಪೆನಿಯ ಸಂಬಳದಲ್ಲಿ ಮಾಡಿದ್ದೆಲ್ಲ ಕಂಪೆನಿಯ ಸ್ವತ್ತು ಎಂಬುದು ಸರ್ಕಾರದ ವಾದ. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಇಪ್ಪತ್ತು ವರ್ಷ ಬಿಸಿಲು, ಜ್ವರ, ಡೇರೆಗಳ ನಡುವೆ ಕೂಡಿಸಿದ್ದನ್ನು, ಅದರ ಅರ್ಥ ಬಲ್ಲ ಒಬ್ಬನೇ ಮನುಷ್ಯನಿಂದ ಬೇರ್ಪಡಿಸಿ ಕಪಾಟಿಗೆ ಸೇರಿಸಿದ್ದರಿಂದ ವಿಜ್ಞಾನಕ್ಕೆ ಆದ ಲಾಭ ಏನೂ ಕಾಣುವುದಿಲ್ಲ. ಬುಕನನ್ ಈ ನೋವನ್ನು ಕೊನೆಯವರೆಗೂ ಮರೆಯಲಿಲ್ಲ.

ಸ್ಕಾಟ್ಲೆಂಡಿನಲ್ಲಿ ತಾಯಿಯ ಕಡೆಯ ಆಸ್ತಿ ಬಂದಾಗ ಬುಕನನ್ ಹ್ಯಾಮಿಲ್ಟನ್ ಎಂಬ ಕುಲನಾಮ ಧರಿಸಿದ. ಹೆಸರುಗಳ ಗೊಂದಲ ಬಿಡಿಸುವುದನ್ನೇ ಕಸುಬು ಮಾಡಿಕೊಂಡವನ ಹೆಸರೇ ಗೊಂದಲವಾದದ್ದು ವಿಧಿಯ ತಮಾಷೆ. ಮೈಸೂರಿನ ಪ್ರವಾಸಕಥನದ ಲೇಖಕ ಬುಕನನ್. ಗಂಗೆಯ ಮೀನುಗಳ ಗ್ರಂಥದ ಲೇಖಕ ಹ್ಯಾಮಿಲ್ಟನ್. ಸಸ್ಯಶಾಸ್ತ್ರಜ್ಞರಿಗೆ ಆತ ಬುಕನನ್-ಹ್ಯಾಮಿಲ್ಟನ್. ಮೂವರೂ ಒಬ್ಬರೇ ಎಂದು ತಿಳಿಯದೆ ಎಡವಿದವರು ಹಲವರು.

1822ರಲ್ಲಿ ಎಡಿನ್‌ಬರೋದಲ್ಲಿ ಮೀನುಗಳ ಗ್ರಂಥ ಪ್ರಕಟವಾಯಿತು. ಇನ್ನೂರಕ್ಕೂ ಹೆಚ್ಚು ಬಗೆಯ ಮೀನುಗಳ ವಿವರ ಅದರಲ್ಲಿದೆ. ಬೆಸ್ತರ ಬಾಯಿಂದ ಕೇಳಿದ ಹೆಸರುಗಳನ್ನೇ ಆತ ಶಾಸ್ತ್ರೀಯ ಹೆಸರುಗಳನ್ನಾಗಿ ಮಾಡಿದ್ದ: ರೋಹಿತ, ಕಾಟ್ಲಾ, ಇಲಿಶ. ಇಂದು ಕರ್ನಾಟಕದ ಕೆರೆಗಳಿಗೆ ಮರಿ ಬಿಡುವ ರೋಹು, ಕಾಟ್ಲಾಗಳ ಶಾಸ್ತ್ರೀಯ ಹೆಸರಿನ ಪಕ್ಕದಲ್ಲಿ ಹ್ಯಾಮಿಲ್ಟನ್ 1822 ಎಂದು ಇರುವುದು ಅದಕ್ಕೇ. ಅದೇ ಗ್ರಂಥದಲ್ಲಿ ಮೈಮೇಲೆ ಪಟ್ಟೆಗಳಿರುವ ಬೆರಳುದ್ದದ ಒಂದು ಮೀನೂ ಇತ್ತು. ಜೀಬ್ರಾಮೀನು ಎಂಬ ಹೆಸರಿನ ಅದು ಈಗ ಜಗತ್ತಿನ ತಳಿವಿಜ್ಞಾನ ಪ್ರಯೋಗಾಲಯಗಳ ಮುಖ್ಯ ಪ್ರಾಣಿಗಳಲ್ಲೊಂದು.

ಎಲೆಗಳ್ಳಿಯ ತಕರಾರು

ಚಿತ್ರಗಳಿಲ್ಲದ ಸಸ್ಯಶಾಸ್ತ್ರಜ್ಞ ತನ್ನ ಕೊನೆಯ ವರ್ಷಗಳಲ್ಲಿ ಹಳೆಯ ಹೋರ್ಟಸ್ ಮಲಬಾರಿಕಸ್ ಗ್ರಂಥವನ್ನು ಮುಂದಿಟ್ಟುಕೊಂಡು ಕುಳಿತ. ರೀಡ್ ಕೊಟ್ಟ ಒಂದೊಂದು ಚಿತ್ರವೂ ನಿಜವಾಗಿ ಯಾವ ಗಿಡದ್ದು, ಲಿನೇಯಸ್ ಮತ್ತು ಅವನ ಅನುಯಾಯಿಗಳು ಎಲ್ಲಿ ಒಂದನ್ನು ಇನ್ನೊಂದೆಂದು ತಿಳಿದರು ಎಂದು ಪರಿಶೀಲಿಸುವ ದೀರ್ಘ ವ್ಯಾಖ್ಯಾನ ಅದು. 1822ರಿಂದ ಲಿನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಕೊನೆಯ ಕಂತು ಅಚ್ಚಾದದ್ದು ಆತ ತೀರಿದ ಮೇಲೆ. ಯುರೋಪಿನಲ್ಲಿ ಕುಳಿತು ಒಣಗಿದ ಮಾದರಿಯನ್ನಷ್ಟೇ ನೋಡಿದವರಿಗೆ ಇಲ್ಲದ ಒಂದು ಅನುಕೂಲ ಬುಕನನ್ನನಿಗಿತ್ತು. ಮಲಬಾರಿನಲ್ಲೂ ಮೈಸೂರಿನಲ್ಲೂ ಬಂಗಾಳದಲ್ಲೂ ಆ ಗಿಡಗಳು ಜೀವಂತವಾಗಿ ನಿಂತದ್ದನ್ನು ಆತ ಕಂಡಿದ್ದ.

ಕಳ್ಳಿಯ ವಿಷಯದಲ್ಲಿ ಈ ಅನುಕೂಲ ಸಣ್ಣದಲ್ಲ. ಕಳ್ಳಿಯನ್ನು ಒತ್ತಿ ಒಣಗಿಸುವುದೇ ಕಷ್ಟ. ರಸತುಂಬಿದ ಕಾಂಡ ಕಾಗದದ ನಡುವೆ ಕೊಳೆಯುತ್ತದೆ ಇಲ್ಲವೆ ಸುಕ್ಕುಗಟ್ಟಿ ಗುರುತು ಕೆಡುತ್ತದೆ. ಏಣುಗಳೆಷ್ಟು, ಮುಳ್ಳು ಕೂತ ಗಂಟು ಉಬ್ಬಿತ್ತೇ ಚಪ್ಪಟೆಯೇ ಎಂಬುದೆಲ್ಲ ಅಳಿಸಿಹೋಗುತ್ತದೆ. ಹೀಗಾಗಿ ಲಿನೇಯಸ್ ಕಣಗಿಲೆಯ ಎಲೆಯನ್ನು ಹೋಲುವ ಎಲೆಯುಳ್ಳ ಯೂಫೋರ್ಬಿಯಾ ನೀರಿಫೋಲಿಯಾ ಎಂಬ ಒಂದೇ ಹೆಸರಿನಡಿ ರೀಡ್‌ನ ಎಲಕಳ್ಳಿಯನ್ನೂ ಸೇರಿಸಿದ್ದ. ಎರಡಕ್ಕೂ ತುದಿಯಲ್ಲಿ ದಪ್ಪ ಎಲೆ, ಎರಡಕ್ಕೂ ಜೋಡಿ ಮುಳ್ಳು, ಎರಡಕ್ಕೂ ಹಾಲು. ಆದರೆ ಒಂದರ ಕೊಂಬೆಯಲ್ಲಿ ಮುಳ್ಳಿನ ಗಂಟುಗಳು ಸುತ್ತುತ್ತ ಏರಿ ಏಣಿನಂತೆ ಕಾಣುತ್ತವೆ. ಇನ್ನೊಂದರ ಕೊಂಬೆ ಗುಂಡಗೆ, ಏಣಿಲ್ಲದೆ ಇರುತ್ತದೆ. ಇವೆರಡೂ ಬೇರೆ ಬೇರೆ ಎಂದು 1825ರ ಸಂಪುಟದಲ್ಲಿ ವಾದಿಸಿದ ಬುಕನನ್, ರೀಡ್‌ನ ಎಲಕಳ್ಳಿಗೆ ಯೂಫೋರ್ಬಿಯಾ ನಿವುಲಿಯಾ ಎಂಬ ಹೊಸ ಹೆಸರು ಕೊಟ್ಟ. ದಖ್ಖನಿನ ಒಣ ಕಲ್ಲುಗುಡ್ಡಗಳಲ್ಲಿ ಮರದೆತ್ತರಕ್ಕೆ ಬೆಳೆಯುವ ಈ ಕಳ್ಳಿಯ ಹೆಸರು ಎರಡು ಶತಮಾನ ಕಳೆದರೂ ಬಿದ್ದಿಲ್ಲ.

ಇಷ್ಟಕ್ಕೂ ಕಳ್ಳಿಯ ಕುಲ ಬಿಡಿಸಿ ಆಗಬೇಕಾದದ್ದೇನು ಎಂಬ ಪ್ರಶ್ನೆಗೆ ಪಾಪಾಸುಕಳ್ಳಿಯ ಕಥೆಯ ಎರಡನೆಯ ಕಂತೇ ಉತ್ತರ. ಬ್ರೆಜಿಲ್ಲಿನಿಂದ ಬಂದ ತಪ್ಪು ಕೀಟ ಗಿಡ ಕೊಲ್ಲುವುದನ್ನು ಕಂಡ ಮೇಲೆ, ಅದನ್ನೇ 1836ರ ಸುಮಾರಿಗೆ ದಕ್ಷಿಣ ಭಾರತಕ್ಕೆ ತಂದು, ಕಾಡಿನಂತೆ ಹಬ್ಬಿದ್ದ ಪಾಪಾಸುಕಳ್ಳಿಯ ಮೇಲೆ ಬಿಟ್ಟರು. ಕಳೆಯನ್ನು ಕೀಟದಿಂದ ನಿಗ್ರಹಿಸಿದ ಜಗತ್ತಿನ ಮೊದಲ ಯಶಸ್ವಿ ಪ್ರಯತ್ನವೆಂದು ಇದನ್ನು ವಿಜ್ಞಾನಿಗಳು ಇಂದು ಗುರುತಿಸುತ್ತಾರೆ. ಆದರೆ ಆ ಕೀಟ ತಿಂದದ್ದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮಾತ್ರ. ಅದರ ಪಕ್ಕದಲ್ಲೇ ಬೆಳೆದ, ಅದರಂತೆಯೇ ಕಾಣುವ ಮತ್ತೊಂದು ಜಾತಿಯನ್ನು ಅದು ಮುಟ್ಟಲೇ ಇಲ್ಲ. ಆ ಎರಡನೆಯದು ಮುಂದಿನ ತೊಂಬತ್ತು ವರ್ಷ ದಕ್ಷಿಣದ ಹೊಲಗಳನ್ನೂ ಗೋಮಾಳಗಳನ್ನೂ ಆಕ್ರಮಿಸಿತು. 1926ರಲ್ಲಿ ಸಿಂಹಳದಿಂದ ಬೇರೆಯೇ ಒಂದು ಜಾತಿಯ ಕಾಚಿನೀಲ್ ಕೀಟವನ್ನು ತಂದ ಮೇಲೆ ಅದಕ್ಕೆ ಕಡಿವಾಣ ಬಿತ್ತು. ಕಳ್ಳಿ ಕಳ್ಳಿಯ ನಡುವಿನ ಭೇದವನ್ನು ಕೀಟ ಅರಿತಿತ್ತು. ಅಧಿಕಾರಿಗಳು ಅರಿಯಲು ತಡವಾಯಿತು.

ಬುಕನನ್ ಕಣ್ಣಿನಿಂದ ನೋಡಿ ಮಾಡಿದ ಕೆಲಸವನ್ನು ಈಗ ವಂಶವಾಹಿಗಳ ಓದು ಮುಂದುವರಿಸಿದೆ. ಯೂಫೋರ್ಬಿಯಾ ಕುಲದಲ್ಲಿ ಸುಮಾರು ಎರಡು ಸಾವಿರ ಪ್ರಭೇದಗಳು. 2011ರಿಂದ ಈಚೆಗೆ ನಡೆದ ಡಿಎನ್‌ಎ ಅಧ್ಯಯನಗಳು ಅವುಗಳನ್ನು ನಾಲ್ಕು ದೊಡ್ಡ ಶಾಖೆಗಳಲ್ಲಿ ಜೋಡಿಸಿವೆ. ರಸತುಂಬಿದ ಕಾಂಡ ಎಂಬ ಗುಣ ಒಂದೇ ಪೂರ್ವಜನಿಂದ ಬಂದದ್ದಲ್ಲ, ಬೇರೆ ಬೇರೆ ಒಣನೆಲಗಳಲ್ಲಿ ಹಲವು ಸಲ ಸ್ವತಂತ್ರವಾಗಿ ಹುಟ್ಟಿದ್ದು ಎಂಬುದು ಅವುಗಳ ಮುಖ್ಯ ಶೋಧ. ಪಾಪಾಸುಕಳ್ಳಿಯಂತೂ ಅಮೆರಿಕದಿಂದ ಬಂದ ಬೇರೆಯೇ ಕುಟುಂಬದ ಸಸ್ಯ. ನೀರಿನ ಬರ ಎರಡಕ್ಕೂ ಒಂದೇ ಬಗೆಯ ಮೈ ಕೊಟ್ಟಿದೆ. ಗೀರಿದರೆ ಹಾಲು ಬಂದದ್ದು ಯೂಫೋರ್ಬಿಯಾ, ಬರದಿದ್ದದ್ದು ಪಾಪಾಸುಕಳ್ಳಿ ಎಂಬ ಸುಲಭ ಪರೀಕ್ಷೆಯನ್ನು ದನಗಾಹಿ ಹುಡುಗರೂ ಬಲ್ಲರು. ಆದರೆ ಆ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕಡ್ಡಿಗಳ್ಳಿಯ ಮೂಲ ಆಫ್ರಿಕಾ ಎಂಬುದು ಸಸ್ಯಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಕಡಲ ವ್ಯಾಪಾರದ ಜೊತೆ ರೀಡ್‌ನ ಕಾಲಕ್ಕೆ ಮೊದಲೇ ಬಂದ ಅದು ಇಲ್ಲಿಯ ಮಣ್ಣಿನದೇ ಎಂಬಂತೆ ಬೇರೂರಿದೆ. ಅದರ ಪುಟ್ಟ ಎಲೆಗಳು ಸಾಮಾನ್ಯ ಸಸ್ಯಗಳಂತೆ ಹಗಲಿನಲ್ಲಿ ಉಸಿರಾಡಿದರೆ, ಹಸಿರು ಕಡ್ಡಿಗಳು ನೀರು ಉಳಿಸಲು ರಾತ್ರಿಯ ಹೊತ್ತು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ನೊಬೆಲ್ ಪುರಸ್ಕೃತ ಮೆಲ್ವಿನ್ ಕ್ಯಾಲ್ವಿನ್ ಇದೇ ಗಿಡದ ಹಾಲಿನಿಂದ ಇಂಧನ ತೆಗೆಯಬಹುದೇ ಎಂದು 1970ರ ದಶಕದಲ್ಲಿ ತಲೆಕೆಡಿಸಿಕೊಂಡಿದ್ದರು.

ತೆಂಗಿನ ತೋಟ ಮತ್ತು ಅದರ ಬೇಲಿಯ ನಡುವೆ ಒಂದು ವೈದೃಶ್ಯವಿದೆ. ಎತ್ತರದ ತಳಿಯ ತೆಂಗು ಪರಕೀಯ ಪರಾಗದಿಂದ ಕಾಯಿ ಕಟ್ಟುತ್ತದೆ; ಹೀಗಾಗಿ ತೋಟದ ನೂರು ಮರ ವಂಶವಾಹಿಗಳ ಲೆಕ್ಕದಲ್ಲಿ ನೂರು ಬೇರೆ ವ್ಯಕ್ತಿಗಳು. ಬೇಲಿಯ ಕಡ್ಡಿಗಳ್ಳಿ ಹಾಗಲ್ಲ. ಒಂದು ಗಿಡದ ತುಂಡುಗಳನ್ನೇ ನೆಟ್ಟು ಬೆಳೆಸಿದ್ದರಿಂದ ಫರ್ಲಾಂಗು ಉದ್ದದ ಬೇಲಿ ಒಂದೇ ಗಿಡದ ನೂರಾರು ಪ್ರತಿಗಳಾಗಿರಬಹುದು. ಅಂತಹ ಬೇಲಿಗೆ ತಕ್ಕ ಶತ್ರು ಸಿಕ್ಕಿದರೆ ಒಂದು ಬಿದ್ದಂತೆ ಎಲ್ಲವೂ ಬೀಳುತ್ತವೆ. ಉತ್ತರ ಭಾರತದ ಪಾಪಾಸುಕಳ್ಳಿ ಬೇಲಿಗಳ ಗತಿ ನೆನಪಿದ್ದರೆ ಸಾಕು. ಈಗ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವ ರೂಢಿ ಬಂದು ಕಳ್ಳಿಬೇಲಿಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ತೆಂಗಿನ ತಳಿಗಳನ್ನು ಆಯ್ದು, ಹೆಸರಿಟ್ಟು, ಸಂಶೋಧನಾ ಕೇಂದ್ರಗಳಲ್ಲಿ ಕಾಪಿಡುವವರಿದ್ದಾರೆ. ಬೇಲಿಯಲ್ಲಿ ಯಾವ ಯಾವ ಕಳ್ಳಿ ಇದ್ದವು ಎಂದು ಬುಕನನ್ನನಂತೆ ಬರೆದುಕೊಳ್ಳುವವರು ಮಾತ್ರ ಕಡಿಮೆ.

ಬುಕನನ್-ಹ್ಯಾಮಿಲ್ಟನ್ 1829ರ ಜೂನ್ 15ರಂದು ಸ್ಕಾಟ್ಲೆಂಡಿನ ಲೆನಿಯಲ್ಲಿ ತೀರಿಕೊಂಡ. ಒಂಬತ್ತು ವರ್ಷಗಳ ನಂತರ, 1838ರಲ್ಲಿ, ಮಾಂಟ್ಗೊಮೆರಿ ಮಾರ್ಟಿನ್ ಎಂಬಾತ ಬಂಗಾಳ ಸಮೀಕ್ಷೆಯ ಹಸ್ತಪ್ರತಿಗಳನ್ನು ಕತ್ತರಿಸಿ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಮುಖಪುಟದಲ್ಲಿ ಮಾರ್ಟಿನ್ನನ ಹೆಸರಿತ್ತು, ಬರೆದವನದಿರಲಿಲ್ಲ. ಸಸ್ಯಶಾಸ್ತ್ರದ ನಿಯಮ ಅದಕ್ಕಿಂತ ಕಟ್ಟುನಿಟ್ಟು. ಸಿಹಿತಿನಿಸಿಗೆ ಹಾಕುವ ಚಾರೋಳಿಯ ಮರ ಸೇರಿರುವ ಕುಲಕ್ಕೆ ಬುಕನಾನಿಯಾ ಎಂಬ ಹೆಸರು 1802ರಷ್ಟು ಹಿಂದೆಯೇ ಬಂದಿತ್ತು. ಇನ್ನು ಎಲೆಗಳ್ಳಿಯ ಹಾಳೆ ಜಗತ್ತಿನ ಯಾವ ಸಸ್ಯಸಂಗ್ರಹಾಲಯದಲ್ಲಿದ್ದರೂ ಅದರ ಚೀಟಿಯ ಮೇಲೆ ಯೂಫೋರ್ಬಿಯಾ ನಿವುಲಿಯಾ ಎಂದು ಬರೆದ ಮೇಲೆ, ಪಕ್ಕದಲ್ಲಿ ಬುಕ್.-ಹ್ಯಾಮ್. ಎಂಬ ಎರಡು ತುಂಡಕ್ಷರಗಳನ್ನು ಬರೆಯುವುದು ವಾಡಿಕೆ.